ಮುಟ್ಟಿ ನೋಡಿ

ಆ ಆಸ್ಪತ್ರೆಯಲ್ಲಿ ಮುತ್ತು ಮುಟ್ಟದ ಹೊಲಸು ಇರಲಿಲ್ಲ. ರೋಗಿಗಳ ವಾಂತಿ, ಕಫ, ಹೆರಿಗೆಯ ರಕ್ತ, ಹುಣ್ಣು ಒರೆಸಿ ಬಿಸಾಡಿದ ಹತ್ತಿ, ಸತ್ತವರ ಮೈಕೆಳಗಿನ ಚಾದರ, ಎಲ್ಲವೂ ಅವಳ ಕೈಯ ಮೇಲೆಯೇ ಹೊರಗೆ ಹೋಗಬೇಕು. ಆದರೆ ಕುಡಿಯುವ ನೀರಿನ ಫಿಲ್ಟರಿನ ಹತ್ತಿರ ಅವಳು ಹೋದರೆ ಕ್ಯಾಂಟೀನಿನ ಹೆಂಗಸು ಓಡಿ ಬರುತ್ತಿದ್ದಳು.

“ಇರು ಮಾರಾಯ್ತಿ, ನಾನು ಹಾಕಿ ಕೊಡ್ತೇನೆ.”

ಎತ್ತರದಿಂದ ಹೊಯ್ಯುತ್ತಿದ್ದಳು. ಮುತ್ತು ಬೊಗಸೆ ಒಡ್ಡಿ ಕುಡಿಯುತ್ತಿದ್ದಳು. ಅರ್ಧ ನೀರು ಮೊಣಕೈಯಿಂದ ಇಳಿದು ಸೀರೆಗೆ ಹೋಗುತ್ತಿತ್ತು. ಇದನ್ನು ಅಲ್ಲಿ ಯಾರೂ ಜಾತಿ ಎನ್ನುತ್ತಿರಲಿಲ್ಲ. ಇನ್‌ಫೆಕ್ಷನ್ ಎನ್ನುತ್ತಿದ್ದರು.

ಅಳದಂಗಡಿ ದಾಟಿ ನಾರಾವಿಯ ಕಡೆಗೆ ಹೋಗುವ ರಸ್ತೆಯ ಬದಿಯಲ್ಲಿ ಇತ್ತು ಆ ಧರ್ಮಾಸ್ಪತ್ರೆ. ಸಣ್ಣದು. ಹೆಂಗಸರಿಗೊಂದು ವಾರ್ಡು, ಗಂಡಸರಿಗೊಂದು ವಾರ್ಡು, ಮುಂದೆ ಕಾರು ನಿಲ್ಲಿಸುವ ಅಂಗಳ. ಮುತ್ತು ಬುಟ್ಟಿ ಹೆಣೆಯುವ ಕೊರಗರ ಪೈಕಿ. ತವರು ವಿಟ್ಲದ ಕಡೆ. ಮದುವೆಯಾಗಿ ಬಂದದ್ದು ಆಸ್ಪತ್ರೆಯ ಹಿಂದಿನ ಗುಡ್ಡದ ಕೊರಗರ ಕಾಲೊನಿಗೆ. ಗಂಡ ಕುಡಿದು ಕುಡಿದು ಹೊಟ್ಟೆ ಊದಿ ಸತ್ತ. ಮಕ್ಕಳಿರಲಿಲ್ಲ. ತವರಿಗೆ ಹೋಗು ಎಂದು ಎಲ್ಲರೂ ಹೇಳಿದರು. ಅವನ ತಾಯಿ ಕರ್ಗಿ ಮಾತ್ರ ಹೇಳಲಿಲ್ಲ. ಬುಟ್ಟಿಗೆ ಬಳ್ಳಿ ಸೀಳುತ್ತಾ ಕೂತಿದ್ದ ಮುದುಕಿ ತಲೆ ಎತ್ತದೆ, “ಗಂಜಿಗೆ ಇಬ್ಬರ ಅಕ್ಕಿ ಹಾಕು,” ಎಂದಳು. ಮುತ್ತು ಉಳಿದಳು.

ಕೈಪಟ್ಟಿಗಳು ಬಂದದ್ದು ಆ ವರ್ಷದ ಮಳೆ ನಿಂತ ಮೇಲೆ. ಮಂಗಳೂರಿನ ಯಾವುದೋ ಹೊಸ ಕಂಪನಿಯ ಸಂದೇಶ್ ಎಂಬವನು ಪೆಟ್ಟಿಗೆ ಹೊತ್ತುಕೊಂಡು ಬಂದ. ನೀಲಿ ರಬ್ಬರಿನ ಪಟ್ಟಿ, ಒಳಮೈಯಲ್ಲಿ ಮಿಣಮಿಣ ಬೆಳಕು. ಕೈಗೆ ಕಟ್ಟಿದರೆ ನಾಡಿ, ಉಸಿರು, ಮೈಬಿಸಿ ಎಲ್ಲ ಅದೇ ತಿಳಿದುಕೊಂಡು ನರ್ಸುಗಳ ಕೋಣೆಯ ಟಿವಿಗೆ, ಡಾಕ್ಟರ ಫೋನಿಗೆ ಕಳಿಸುತ್ತದಂತೆ. ಚೆನ್ನಾಗಿದ್ದರೆ ಹಸಿರು. ಕೆಟ್ಟರೆ ಕೆಂಪು, ಜೊತೆಗೆ ಕೂಗು.

“ದೊಡ್ಡ ಆಸ್ಪತ್ರೆಯ ಮೆಶಿನ್ ಇಂಥ ಕಡೆ ಯಾರು ತಂದು ಹಾಕ್ತಾರೆ?” ಎಂದು ಸಂದೇಶ್ ಎಲ್ಲರನ್ನೂ ನಿಲ್ಲಿಸಿ ವಿವರಿಸಿದ. “ಇದು ಬಡವರಿಗೆ ಅಂತಲೇ ಮಾಡಿದ್ದು. ಒಂದು ಜೊತೆ ಚಪ್ಪಲಿಯ ರೇಟಿಗೆ ಬರ್ತದೆ.”

ಹಿಂದೆ ಗೋಡೆಗೆ ಒರಗಿ ನಿಂತಿದ್ದ ಮುತ್ತುವಿಗೂ ಸಂತೋಷವಾಯಿತು. ವಾರ್ಡಿನ ಕೊನೆಯ ಹಾಸಿಗೆಯವರು ಕರೆದು ಕರೆದು ಸುಸ್ತಾಗುವುದನ್ನು ಅವಳು ನೋಡಿದ್ದಳು. ಇನ್ನು ಕೈಯೇ ಕೂಗಿ ಕರೆಯುತ್ತದಲ್ಲ ಎಂದುಕೊಂಡಳು.

ಅದೇ ತಿಂಗಳು ಶಮ್ನಾ ಸಿಸ್ಟರನ್ನು ಕೆಲಸದಿಂದ ಬಿಡಿಸಿದರು. ಕಕ್ಕಿಂಜೆಯಿಂದ ಎರಡು ಬಸ್ಸು ಬದಲಿಸಿ ಬರುತ್ತಿದ್ದ ಹುಡುಗಿ. ಕಾಲೊನಿಯವರೇ ಆಗಲಿ, ತೋಟದ ಮನೆಯವರೇ ಆಗಲಿ, ಹಾಸಿಗೆಯ ಅಂಚಿನಲ್ಲಿ ಕೂತು ಕೈ ಹಿಡಿದು ಗಂಜಿ ಕುಡಿದದ್ದು, ಹೊರಗೆ ಹೋದದ್ದು ಎಲ್ಲ ಕೇಳುತ್ತಿದ್ದಳು. ಹೋಗುವ ದಿನ ಚೀಲಕ್ಕೆ ಬಟ್ಟೆ ತುಂಬುತ್ತಾ ಮುತ್ತುವಿಗೆ ಹೇಳಿದಳು, “ನಾಡಿ ನೋಡ್ಲಿಕ್ಕೆ ಪಟ್ಟಿ ಉಂಟಲ್ಲ ಮುತ್ತಕ್ಕ. ಇನ್ನು ನಾನು ಯಾಕೆ ಅವರಿಗೆ?”

ಉಳಿದವಳು ಮೋಕ್ಷಿತಾ. ಎರಡೂ ವಾರ್ಡಿಗೆ ಒಬ್ಬಳೇ. ಅವಳು ಹೆಚ್ಚಾಗಿ ಟಿವಿಯ ಎದುರೇ ಕೂರುತ್ತಿದ್ದಳು. ಕೆಂಪು ಬಂದರೆ ಎದ್ದು ಬರುತ್ತಿದ್ದಳು. ಡಾಕ್ಟರ್ ಅಂಕಿತ್ ಬೆಳಿಗ್ಗೆ ಒಮ್ಮೆ ಬಂದು ಹಾಸಿಗೆಗಳ ಕಾಲಬದಿಯಲ್ಲಿ ನಿಂತು ಫೋನು ನೋಡಿ, “ಪರವಾಗಿಲ್ಲ, ಚೆನ್ನಾಗಿ ಉಂಟು,” ಎಂದು ಹೇಳಿ ಹೋಗುತ್ತಿದ್ದ. ಕೆಟ್ಟ ಮನುಷ್ಯನೇನಲ್ಲ. ಯಾರಿಗೂ ಗದರುತ್ತಿರಲಿಲ್ಲ.

ಒಬ್ಬರ ಕೈಯಿಂದ ಬಿಚ್ಚಿದ ಪಟ್ಟಿಯನ್ನು ಇನ್ನೊಬ್ಬರಿಗೆ ಕಟ್ಟುವ ಮೊದಲು ತೊಳೆಯುವುದು ಮುತ್ತುವಿನ ಕೆಲಸವಾಯಿತು. ಬೆವರು, ಮೈಯ ಕೊಳೆ, ಒಣಗಿದ ಕೀವು ರಬ್ಬರಿನ ಸಂದಿಯಲ್ಲಿ ಅಂಟಿರುತ್ತಿತ್ತು. ಉಗುರಿನಿಂದ ಕೆರೆದು ತೆಗೆಯಬೇಕು. ಒಂದು ದಿನ ಐದನೇ ಹಾಸಿಗೆಯ ಕಾವೇರಮ್ಮ ಅವಳು ತೊಳೆಯುವುದನ್ನು ನೋಡಿದರು. ರಬ್ಬರ್ ತೋಟದ ಮನೆಯವರು. ಕಾಲಿನಲ್ಲಿ ವಾಸಿಯಾಗದ ಸಕ್ಕರೆ ಹುಣ್ಣು. ಪಟ್ಟಿಯ ಮೇಲೆ ನಂಬಿಕೆ ಇಲ್ಲವೆಂದು ದಿನಾ ಡಾಕ್ಟರಿಂದ ಕೈ ಹಿಡಿಸಿ ನಾಡಿ ನೋಡಿಸಿಕೊಳ್ಳುತ್ತಿದ್ದರು. ಮ್ಯಾನೇಜರ್ ಅಶೋಕ್‌ನನ್ನು ಕರೆಸಿ ಕೇಳಿದರು.

“ಇದು ಯಾರ್ಯಾರ ಕೈಯಲ್ಲಿ ಇದ್ದದ್ದು? ಕಾಲೊನಿಯವರಿಗೂ ಇದನ್ನೇ ಕಟ್ತೀರಾ?”

“ಛೆ, ಇಲ್ಲ ಅಮ್ಮ. ಅದಕ್ಕೆ ವ್ಯವಸ್ಥೆ ಮಾಡ್ತೇನೆ,” ಎಂದ ಅಶೋಕ್.

ಮಾರನೆಯ ದಿನ ಒಂದು ಪಟ್ಟಿಗೆ ಕೆಂಪು ಟೇಪು ಸುತ್ತಿತ್ತು. “ಇದು ಕಾಲೊನಿಯಿಂದ ಬಂದವರಿಗೆ. ಇದನ್ನು ಬೇರೆ ಬಕೆಟಿನಲ್ಲಿ ತೊಳಿ,” ಎಂದು ಅಶೋಕ್ ಮುತ್ತುವಿನ ಎದುರಿಗೇ ಹೇಳಿದ. ಹೇಳುವಾಗ ಅವನ ಮುಖದಲ್ಲಿ ಏನೂ ಆಗಲಿಲ್ಲ. ಮುತ್ತು ಹೂಂ ಎಂದಳು. ಬೇರೆ ಬಕೆಟು ತಂದಳು. ಎರಡೂ ಬಕೆಟಿಗೆ ಅದ್ದಿದ್ದು ಅವಳ ಅದೇ ಎರಡು ಕೈ. ಅದು ಯಾರಿಗೂ ತೋರಲಿಲ್ಲ. ಅವಳಿಗೆ ತೋರಿತು. ನುಂಗಿಕೊಂಡಳು. ನುಂಗುವುದಕ್ಕೆ ಅವಳ ಗಂಟಲು ಹುಟ್ಟಿನಿಂದ ಪಳಗಿತ್ತು.

ಕರ್ಗಿಗೆ ದಮ್ಮು ಜೋರಾದದ್ದು ಆಮೇಲೆ. ಮೊದಲು ಗುಡ್ಡ ಹತ್ತಲಾಗಲಿಲ್ಲ. ಮತ್ತೆ ಬಾವಿಗೆ ಹೋಗಲಾಗಲಿಲ್ಲ. ಒಂದು ಬೆಳಿಗ್ಗೆ ಕೂತಲ್ಲಿಂದ ಏಳಲಾಗದೆ ಬಾಯಿ ತೆರೆದು ಗಾಳಿ ಕಚ್ಚತೊಡಗಿದಳು. ಮುತ್ತು ಅವಳನ್ನು ಬೆನ್ನಿಗೆ ಹಾಕಿಕೊಂಡು ಗುಡ್ಡ ಇಳಿದಳು. ಆಸ್ಪತ್ರೆಯ ಗೇಟಿನಲ್ಲಿ ನಿಲ್ಲಿಸುವ ನವಾಝ್‌ನ ರಿಕ್ಷಾ ಸಿಕ್ಕಿತು.

ಆರನೇ ಹಾಸಿಗೆ ಕೊಟ್ಟರು. ಕಕ್ಕಸಿನ ಬಾಗಿಲಿಗೆ ತಾಗಿಕೊಂಡದ್ದು. ಕಾವೇರಮ್ಮ ಮೂಗಿಗೆ ಸೆರಗು ಹಿಡಿದು ನಡುವೆ ಪರದೆ ಎಳೆಸಿದರು. ಮೋಕ್ಷಿತಾ ಗ್ಲೌಸು ಹಾಕಿಕೊಂಡು ಬಂದಳು, ಕೆಂಪು ಟೇಪಿನ ಪಟ್ಟಿಯನ್ನು ಎರಡು ಬೆರಳಿನಲ್ಲಿ ಹಿಡಿದು ಮುತ್ತುವಿಗೆ ಚಾಚಿದಳು.

“ನಿಮ್ಮ ಮುದುಕಿಯಲ್ವಾ? ನೀನೇ ಕಟ್ಟು.”

ಮುತ್ತು ಕಟ್ಟಿದಳು. ಕರ್ಗಿಯ ಕೈ ಕಾಡುಬಳ್ಳಿಯ ಹಾಗೆ ಒಣಗಿ ಕಪ್ಪಾಗಿತ್ತು. ಬೆರಳುಗಳ ತುದಿ ಬಳ್ಳಿ ಸೀಳಿ ಸೀಳಿ ಕಲ್ಲಾಗಿತ್ತು. ಮುದುಕಿ ಪಟ್ಟಿಯನ್ನು ನೋಡಿದಳು.

“ಇದು ಯಾರ ರೋಗ ಮಗಾ? ಯಾರ ಮೈಯಿಂದ ತೆಗೆದು ನನಗೆ ಕಟ್ಟುದು?”

ಮುತ್ತುವಿಗೆ ಅರ್ಥವಾಯಿತು. ಕರ್ಗಿ ಹುಡುಗಿಯಾಗಿದ್ದಾಗ ಒಂದು ದೊಡ್ಡ ಮನೆಯವರು ಕರೆಸಿ, ಅಂಗಳದ ಮೂಲೆಯಲ್ಲಿ ಕೂರಿಸಿ ಅನ್ನ ಕೊಟ್ಟಿದ್ದರು. ಒಳಗೆ ಅವರ ಮಗಳು ಬಸುರಿ. ಅನ್ನದಲ್ಲಿ ಆ ಬಸುರಿಯ ತಲೆಕೂದಲು, ಕತ್ತರಿಸಿದ ಉಗುರು ಕಲಸಿತ್ತು. ಅವಳಿಗೆ ಬರುವ ಪೀಡೆಯೆಲ್ಲ ಕೊರಗರ ಹೊಟ್ಟೆಗೆ ಹೋಗಲಿ ಎಂದು. ಅಜಲು ಎನ್ನುತ್ತಿದ್ದರು ಅದಕ್ಕೆ. ಕೊರಗರ ಹಕ್ಕು ಎಂದೂ ಹೇಳುತ್ತಿದ್ದರು. ಎಲೆ ಖಾಲಿಯಾಗುವ ತನಕ ಎದುರು ನಿಂತು ನೋಡಿದರು. ಕರ್ಗಿ ತಿಂದಳು. ಮನೆಗೆ ಬಂದು ಕಕ್ಕಿದಳು. ಒಂದು ಉದ್ದದ ಕೂದಲು ಗಂಟಲಲ್ಲೇ ಉಳಿಯಿತು. ಅವಳ ತಾಯಿ ಬೆರಳು ಹಾಕಿ ಎಳೆದು ತೆಗೆದಳು. ಈಗ ಅದಕ್ಕೆಲ್ಲ ಕಾನೂನು ಬಂದಿದೆ. ಕರ್ಗಿ ಮಾತ್ರ ಈಗಲೂ ಅನ್ನವನ್ನು ಬೆರಳಿನಿಂದ ಹರಡಿ ನೋಡಿಯೇ ಉಣ್ಣುತ್ತಿದ್ದಳು.

“ರೋಗ ಕಟ್ಟುದಲ್ಲ ಮಾಮಿ. ರೋಗ ನೋಡುವ ಮೆಶಿನು.”

“ಮೆಶಿನು ನೋಡ್ತದಾ? ಹಾಗಾದ್ರೆ ಇವರೆಲ್ಲ ಎಂತ ನೋಡುದು?” ಎಂದು ಕೇಳಿ ಕರ್ಗಿ ಕೆಮ್ಮಿದಳು. ಉಸಿರು ತಿರುಗಿದ ಮೇಲೆ, “ಆ ಶಮ್ನಾ ಎಲ್ಲಿ? ಅವಳ ಕೈ ಬಿಸಿ ಇತ್ತು,” ಎಂದಳು.

ಪಟ್ಟಿ ಕರ್ಗಿಯ ಕೈಗೆ ಒಗ್ಗಲಿಲ್ಲ. ಕೆಂಪು ಬರುತ್ತಿತ್ತು, ಕೂಗುತ್ತಿತ್ತು. ಮೋಕ್ಷಿತಾ ಓಡಿ ಬರುತ್ತಿದ್ದಳು, ಪರದೆ ಸರಿಸಿ ದೂರದಿಂದ ನೋಡುತ್ತಿದ್ದಳು, ಮುದುಕಿ ಕಣ್ಣು ಬಿಟ್ಟಿರುವುದನ್ನು ಕಂಡು ಬೈದುಕೊಂಡು ಹೋಗುತ್ತಿದ್ದಳು. ಮತ್ತೆ ಕೂಗು. ಕಾವೇರಮ್ಮ ಕಿವಿ ಮುಚ್ಚಿಕೊಂಡು ಶಾಪ ಹಾಕಿದರು. ಅಶೋಕ್ ಸಂದೇಶ್‌ನನ್ನು ಕರೆಸಿದ. ಇಬ್ಬರೂ ನರ್ಸುಗಳ ಕೋಣೆಯಲ್ಲಿ ಮಾತಾಡುವಾಗ ಮುತ್ತು ಅಲ್ಲೇ ನೆಲ ಒರೆಸುತ್ತಿದ್ದಳು.

“ತೀರಾ ಕಪ್ಪು ಚರ್ಮ ಸರ್. ಬೆಳಕು ಒಳಗೆ ಹೋಗಿ ಸರಿ ವಾಪಸ್ ಬರುದಿಲ್ಲ. ಒಮ್ಮೊಮ್ಮೆ ನಂಬರೂ ತಪ್ಪಾಗ್ತದೆ.”

“ಮೊದಲೇ ಟೆಸ್ಟ್ ಮಾಡ್ಲಿಲ್ವಾ ಮಾರಾಯ?”

“ಮಾಡಿದ್ದು ಸರ್. ನಮ್ಮ ಆಫೀಸಿನವರ ಕೈಯಲ್ಲಿ ಸರಿ ಬರ್ತಿತ್ತು.”

ಮುತ್ತು ಒರೆಸುವ ಕೋಲು ಮುಂದೆ ತಂದಳು. ಇಬ್ಬರೂ ಮಾತು ನಿಲ್ಲಿಸದೆ ಕಾಲು ಎತ್ತಿದರು. ಅವಳು ಅವರ ಕಾಲ ಕೆಳಗೆ ಒರೆಸಿದಳು. ಬಡವರಿಗೆ ಅಂತ ಮಾಡಿದ್ದು, ಬಡವರ ಚರ್ಮಕ್ಕೆ ಆಗುವುದಿಲ್ಲ. ಈ ಗುಡ್ಡದಲ್ಲಿ ಬಿಸಿಲಿಗೆ ಸುಡದ ಬಡವ ಎಲ್ಲಿದ್ದಾನೆ? ಮೆಶಿನಿಗೂ ನಾವು ಆಗುವುದಿಲ್ಲವೋ ಎಂದುಕೊಂಡಳು. ಮೈಯೆಲ್ಲ ಹೇಸಿಗೆಯಾಯಿತು, ಯಾರ ಮೇಲೆ ಎಂದು ಗೊತ್ತಾಗಲಿಲ್ಲ.

ಮರುದಿನ ಸಮಾರಂಭ. ಡಿಜಿಟಲ್ ವಾರ್ಡಿನ ಉದ್ಘಾಟನೆ. ಅಂಗಳದಲ್ಲಿ ಶಾಮಿಯಾನ, ವೇದಿಕೆ, ವೇದಿಕೆಯ ಪಕ್ಕದಲ್ಲಿ ದೊಡ್ಡ ಪರದೆ. ಬಂಟ್ವಾಳ, ಮೂಡುಬಿದಿರೆ ಕಡೆಯಿಂದ ಕಾರುಗಳು ಬಂದವು. ಬೇರೆ ಆಸ್ಪತ್ರೆಯವರು ನೋಡಿ ಮೆಚ್ಚಿದರೆ ಅವರೂ ಪಟ್ಟಿ ತರಿಸುತ್ತಾರಂತೆ. ಬೆಳಗಿನ ತಿಂಡಿ, ಮಧ್ಯಾಹ್ನದ ಊಟವೂ ಇತ್ತು. ಎಂಜಲೆಲೆ ತೆಗೆಯುವುದು ಮುತ್ತುವಿನ ಪಾಲಿಗೆ.

ಹೊರಗೆ ಹೋಗುವ ಮೊದಲು ಅವಳು ಕರ್ಗಿಯ ತುಟಿಗೆ ನೀರು ಮುಟ್ಟಿಸಿದಳು. ಮುದುಕಿಗೆ ಮಾತು ತುಂಡು ತುಂಡಾಗಿ ಬಂತು.

“ಎದೆ ಮೇಲೆ… ಕಲ್ಲು ಹೇರಿದ ಹಾಗೆ… ಯಾರನ್ನಾದ್ರೂ ಕರಿ ಮಗಾ.”

ಮುತ್ತು ಓಡಿದಳು. ಮೋಕ್ಷಿತಾ ಸೀರೆಯ ನೆರಿಗೆ ಸರಿಮಾಡಿಕೊಳ್ಳುತ್ತಿದ್ದಳು. ವೇದಿಕೆಗೆ ಹೂಗುಚ್ಛ ಹಿಡಿದು ಹೋಗಬೇಕಿತ್ತು.

“ಸಿಸ್ಟರ್, ಮಾಮಿಗೆ ಆಗುದಿಲ್ಲ. ಒಮ್ಮೆ ಬಂದು ನೋಡಿ.”

ಮೋಕ್ಷಿತಾ ಟಿವಿಯ ಕಡೆ ತಿರುಗಿದಳು. “ಆರನೆಯದ್ದಾ? ಹಸಿರು ಉಂಟಲ್ಲ. ನೋಡು, ನಾಡಿ ಎಪ್ಪತ್ತನಾಲ್ಕು. ನಿನ್ನೆ ವರೆಗೆ ಕೆಂಪು ಬರ್ತಿತ್ತು, ಇವತ್ತು ಸರಿಯಾಗಿದೆ. ಹೆದರ್ಬೇಡ. ಫಂಕ್ಷನ್ ಮುಗಿಸಿ ಬರ್ತೇನೆ.”

ಮುತ್ತು ಟಿವಿಯನ್ನು ನೋಡಿದಳು. ಹಸಿರು ನಿಜ. ಓದು ಬಾರದಿದ್ದರೂ ಬಣ್ಣ ಗೊತ್ತಾಗುತ್ತದಲ್ಲ. ಅಷ್ಟರಲ್ಲಿ ಅಶೋಕ್ ಅಂಗಳದಿಂದ ಅವಳ ಹೆಸರು ಹಿಡಿದು ಕೂಗಿದ. ಹೋದಳು.

ಅಧ್ಯಕ್ಷರ ಭಾಷಣ ಉದ್ದವಾಗಿತ್ತು. ಕಡುಬಡವನ ನಾಡಿಮಿಡಿತವೂ ಇನ್ನು ನಮ್ಮ ಅಂಗೈಯಲ್ಲಿ ಎಂದರು. ದೊಡ್ಡ ಪರದೆಯಲ್ಲಿ ವಾರ್ಡಿನ ಹಾಸಿಗೆಗಳೆಲ್ಲ ಸಾಲಾಗಿ ಬಂದವು. ಒಂದು, ಎರಡು, ಮೂರು. ಎಲ್ಲ ಹಸಿರು. ಜನ ಚಪ್ಪಾಳೆ ತಟ್ಟಿದರು. ಶಾಮಿಯಾನದ ಹಿಂದೆ ಎಂಜಲು ಬಕೆಟು ಇಟ್ಟುಕೊಂಡು ಮುತ್ತು ಇಣುಕಿದಳು. ಕೊನೆಯದು ಮಾಮಿಯದ್ದು. ಹಸಿರು. ಅವಳ ಎದೆ ಹಗುರವಾಯಿತು. ತಿಂಡಿಯ ಎಲೆಗಳ ಸಾಂಬಾರು ಮೆತ್ತಿದ ಕೈಯಲ್ಲೇ ಅವಳೂ ಚಪ್ಪಾಳೆ ತಟ್ಟಿದಳು.

ಮಧ್ಯಾಹ್ನ ಊಟ ಸಾಗಿತು. ಎಲೆ ಎತ್ತಿ ಎತ್ತಿ ಸೊಂಟ ಹಿಡಿಯಿತು. ಅಶೋಕ್ ಬಂದ.

“ಪಾಯಸ ಉಳಿದಿದೆ. ನಿಮ್ಮ ಮುದುಕಿಗೆ ಕೊಡು. ಮತ್ತೆ ಎಲೆಯಲ್ಲಿ ಬಿಟ್ಟದ್ದು ಹೋಳಿಗೆ ಗೀಳಿಗೆ ಒಳ್ಳೆಯದಿದ್ರೆ ಒಟ್ಟು ಮಾಡಿ ಕಾಲೊನಿಗೆ ಕೊಂಡೋಗು. ಸುಮ್ಮನೆ ಹಾಳಾಗುದು ಯಾಕೆ?”

ಯಾರೋ ಅರ್ಧ ಕಚ್ಚಿ ಬಿಟ್ಟ ಹೋಳಿಗೆ ಬಕೆಟಿನ ಮೇಲೆಯೇ ಇತ್ತು. ಹಲ್ಲಿನ ಗುರುತು ಕಾಣುತ್ತಿತ್ತು. ಮುತ್ತು ಅದರ ಮೇಲೆ ಒಂದು ಎಲೆ ಮುಚ್ಚಿದಳು. ಕೈ ತೊಳೆದು, ಒಂದು ಲೋಟ ಪಾಯಸ ಹಿಡಿದು ವಾರ್ಡಿಗೆ ನಡೆದಳು.

ಪರದೆ ಸರಿಸಿದಾಗ ಅವಳಿಗೆ ಮೊದಲು ಕಂಡದ್ದು ಇರುವೆ. ಕಿಟಕಿಯಿಂದ ಇಳಿದು, ದಿಂಬು ಹತ್ತಿ, ಕರ್ಗಿಯ ಬಾಯಿಯ ಮೂಲೆಗೆ ಸಾಲು ಹೋಗಿತ್ತು. ಬಾಯಿ ತೆರೆದಿತ್ತು. ಕಣ್ಣೂ ತೆರೆದಿತ್ತು. ಒಂದು ಇರುವೆ ಕಣ್ಣಿನ ಬಿಳಿಯ ಮೇಲೆ ನಡೆಯುತ್ತಿತ್ತು. ಕೆಳಗೆ ಚಾದರ ಒದ್ದೆಯಾಗಿ ನಾರುತ್ತಿತ್ತು. ಮುತ್ತು ಕೆನ್ನೆ ಮುಟ್ಟಿದಳು. ತಣ್ಣಗಿತ್ತು. ಮಣಿಕಟ್ಟಿನಲ್ಲಿ ಪಟ್ಟಿಯ ಬೆಳಕು ಮಿಣಮಿಣ ಎನ್ನುತ್ತಲೇ ಇತ್ತು.

ಲೋಟ ಯಾವಾಗ ಬಿತ್ತೋ ತಿಳಿಯಲಿಲ್ಲ. ನರ್ಸುಗಳ ಕೋಣೆಗೆ ಓಡಿದಳು. ಯಾರೂ ಇಲ್ಲ. ಟಿವಿಯಲ್ಲಿ ಆರನೇ ಹಾಸಿಗೆ ಹಸಿರಾಗಿಯೇ ಇತ್ತು.

ಅವಳ ಅಂಗೈ ಉರಿಯತೊಡಗಿತು. ಚಪ್ಪಾಳೆ ತಟ್ಟಿದ ಅಂಗೈ. ಸೀರೆಗೆ ಉಜ್ಜಿದಳು. ಹೋಗಲಿಲ್ಲ.

ಅವಳ ಕೂಗಿಗೆ ಮೋಕ್ಷಿತಾ ಓಡಿ ಬಂದಳು. ಹಿಂದೆ ಅಶೋಕ್, ಅವನ ಹಿಂದೆ ಎದೆಗೆ ಹೂವು ಸಿಕ್ಕಿಸಿಕೊಂಡ ಡಾಕ್ಟರ್ ಅಂಕಿತ್, ಸಂದೇಶ್. ಎಲ್ಲರೂ ಹಾಸಿಗೆಯ ಕಾಲಬದಿಯಲ್ಲೇ ನಿಂತರು. ಡಾಕ್ಟರ್ ಮುಖ ನೋಡಿದ, ಫೋನು ನೋಡಿದ, ಮತ್ತೆ ಮುಖ ನೋಡಿದ.

“ಹೋಗಿಬಿಟ್ಟಿದ್ದಾರೆ,” ಎಂದ. ಆಮೇಲೆ ಸಂದೇಶ್‌ನ ಕಡೆ ತಿರುಗಿ, “ಇದರಲ್ಲಿ ಈಗಲೂ ಎಪ್ಪತ್ತನಾಲ್ಕು ತೋರಿಸ್ತಿದೆಯಲ್ಲ. ಹೇಗೆ?” ಎಂದು ಕೇಳಿದ.

ಸಂದೇಶ್ ಅಶೋಕ್‌ನ ಮುಖ ನೋಡಿದ. “ಸರ್, ಅದು… ಆರನೆಯದ್ದು ಸುಮ್ಮನೆ ಕೆಂಪು ಬರ್ತದಲ್ಲ. ಇವತ್ತು ಸ್ಕ್ರೀನಿನಲ್ಲಿ ಕೆಂಪು ಬರಬಾರದು ಅಂತ ಅಶೋಕ್ ಸರ್ ಹೇಳಿದ್ರು. ಸಿಗ್ನಲ್ ಸಿಗದಿದ್ರೆ ಮೊದಲಿನ ಒಳ್ಳೆಯ ನಂಬರನ್ನೇ ಹಿಡಿದಿಡುವ ಹಾಗೆ ಮಾಡಿದೆ. ಇವತ್ತಿಗೆ ಮಾತ್ರ.”

ಅವನು ಇದನ್ನು ಮುತ್ತು ನಿಂತಿರುವಾಗಲೇ ಹೇಳಿದ. ಅವಳು ಕೇಳಿಸಿಕೊಳ್ಳುತ್ತಾಳೆ ಎಂದು ಅವನಿಗೆ ಹೊಳೆಯಲೇ ಇಲ್ಲ. ನೆಲ ಒರೆಸುವವಳು ಅವಳು.

“ಆ ಮಾತೆಲ್ಲ ಆಮೇಲೆ,” ಎಂದ ಅಶೋಕ್. “ಮುತ್ತು, ಆದದ್ದು ಆಯ್ತು. ವಯಸ್ಸಾದ ಜೀವ. ಈಗ ಹಿಂದಿನ ಬಾಗಿಲಿನಿಂದ ಕೊಂಡೋಗುವ. ರಿಕ್ಷಾ ಆಚೆ ಬರ್ಲಿಕ್ಕೆ ಹೇಳ್ತೇನೆ. ಊಟ ಆದ ಮೇಲೆ ಅತಿಥಿಗಳು ವಾರ್ಡ್ ನೋಡ್ಲಿಕ್ಕೆ ಬರ್ತಾರೆ, ಬೇಗ ಚಾದರ ಬದಲಿಸ್ಬೇಕು. ಆ ಪಟ್ಟಿ ಬಿಚ್ಚು. ತೊಳೆದು ಸಿಸ್ಟರ್ ಹತ್ತಿರ ಕೊಟ್ಟು ಹೋಗು.”

“ಬಿಚ್ಚುದಿಲ್ಲ.”

“ಎಂತ?”

“ಬಿಚ್ಚುದಿಲ್ಲ ಅಂತ ಹೇಳಿದೆ.”

ಆ ಮಾತು ತನ್ನ ಬಾಯಿಯಿಂದಲೇ ಬಂತೋ ಎಂದು ಅವಳಿಗೇ ಅನ್ನಿಸಿತು. ಆದರೆ ಬಂದಾಗಿತ್ತು. ಅವಳು ಹಾಸಿಗೆಯ ಪಕ್ಕ ಹೋಗಿ, ಕರ್ಗಿಯ ಬಾಯಿಯಿಂದ ಇರುವೆ ಒಂದೊಂದಾಗಿ ಹೆಕ್ಕಿ ತೆಗೆದಳು. ತೆಗೆದು ಮುಗಿದ ಮೇಲೆ ತಿರುಗಿ ಡಾಕ್ಟರನ್ನು ನೋಡಿದಳು.

“ನೀವು ಮುಟ್ಟಿ ನೋಡಿ.”

“ನೋಡಿ ಆಯ್ತಲ್ಲಮ್ಮ,” ಎಂದ ಅಂಕಿತ್.

“ದೂರದಿಂದ ನೋಡಿದ್ರಿ. ಫೋನ್ ನೋಡಿದ್ರಿ. ಇಷ್ಟು ದಿನವೂ ಅಷ್ಟೇ ನೋಡಿದ್ದು. ನಿಮ್ಮ ಫೋನು ಮಾಮಿಗೆ ಜೀವ ಉಂಟು ಅಂತ ಹೇಳ್ತದೆ. ನೀವು ಇಲ್ಲ ಅಂತ ಹೇಳ್ತೀರಿ. ನಾನು ಯಾರನ್ನು ನಂಬುದು? ಕೈ ಹಿಡಿದು ನೋಡಿ ಹೇಳಿ. ಅಲ್ಲಿವರೆಗೆ ನಾನು ಹೆಣ ಎತ್ತುದಿಲ್ಲ.”

“ಮುತ್ತು, ಅತಿಥಿಗಳಿದ್ದಾರೆ,” ಎಂದ ಅಶೋಕ್. ಅವನ ದನಿ ತಗ್ಗಿತ್ತು, ಹಲ್ಲು ಕಚ್ಚಿತ್ತು. “ಕೆಲಸ ಬೇಕಾ ಬೇಡ್ವಾ ನಿನಗೆ?”

“ಬೇಡ.”

ಅಷ್ಟು ಬೇಗ ಉತ್ತರ ಬರುತ್ತದೆಂದು ಅವನು ಎಣಿಸಿರಲಿಲ್ಲ. ಮುತ್ತು ಮಂಚದ ಕಾಲು ಹಿಡಿದು ನೆಲದ ಮೇಲೆ ಕೂತಳು. ಚೆಲ್ಲಿದ ಪಾಯಸದ ಮೇಲೆಯೇ ಕೂತಳು. ವಾರ್ಡಿನ ರೋಗಿಗಳೆಲ್ಲ ಎದ್ದು ಕೂತು ನೋಡುತ್ತಿದ್ದರು. ಕಾವೇರಮ್ಮ ತಾವೇ ಎಳೆಸಿದ್ದ ಪರದೆಯನ್ನು ತಾವೇ ಸ್ವಲ್ಪ ಸರಿಸಿದರು.

ಡಾಕ್ಟರ್ ಮೋಕ್ಷಿತಾಳ ಕಡೆ ಕೈ ಚಾಚಿದ. ಅವಳು ಗ್ಲೌಸು ಕೊಟ್ಟಳು.

“ಅದು ಬೇಡ,” ಎಂದಳು ಮುತ್ತು.

“ಅದು ನಿಯಮ ಅಮ್ಮ. ಎಲ್ಲರಿಗೂ ಅಷ್ಟೇ.”

“ಕಾವೇರಮ್ಮನ ಹುಣ್ಣು ನೋಡುವಾಗ ಹಾಕಿದ್ರಿ. ಸರಿ. ಅವರು ಮೆಶಿನ್ ನಂಬುದಿಲ್ಲ, ಕೈ ಹಿಡಿದು ನೋಡಿ ಅಂತ ದಿನಾ ಹೇಳುವಾಗ ಹಿಡಿದ್ರಲ್ಲ, ಆಗ ಹಾಕಿದ್ರಾ?”

ಅಂಕಿತ್ ಕಾವೇರಮ್ಮನನ್ನು ನೋಡಿದ. ಕಾವೇರಮ್ಮ ಮುಖ ತಿರುಗಿಸಿದರು. ಹೊರಗೆ ಮೈಕಿನಲ್ಲಿ ಯಾರೋ ಐಸ್‌ಕ್ರೀಂ ಎಲ್ಲರೂ ತೆಗೆದುಕೊಳ್ಳಬೇಕೆಂದು ವಿನಂತಿಸುತ್ತಿದ್ದರು. ಡಾಕ್ಟರ್ ಗ್ಲೌಸನ್ನು ಮೋಕ್ಷಿತಾಳ ಕೈಗೆ ವಾಪಸು ಕೊಟ್ಟ. ಬಗ್ಗಿದ. ಎರಡು ಬೆರಳನ್ನು ಕರ್ಗಿಯ ಮಣಿಕಟ್ಟಿನ ಮೇಲೆ ಇಟ್ಟ. ಆಮೇಲೆ ಕತ್ತಿನ ಮೇಲೆ. ಆಮೇಲೆ ಗಲ್ಲ ಹಿಡಿದು ಮೆಲ್ಲನೆ ಅಲುಗಿಸಲು ನೋಡಿದ. ಅದು ಅಲುಗಲಿಲ್ಲ. ಅವನ ಮುಖದ ಬಣ್ಣ ಇಳಿಯಿತು. ಕೈ ಹಿಂದೆ ತೆಗೆದ.

“ಹೇಳಿ,” ಎಂದಳು ಮುತ್ತು.

“ಸೆಟೆದುಕೊಂಡಿದೆ.” ಮೆಲ್ಲನೆ ಹೇಳಿದ. “ಹೋಗಿ ತುಂಬಾ ಹೊತ್ತಾಗಿದೆ.”

“ಯಾವಾಗ? ಎಲ್ಲರಿಗೂ ಕೇಳುವ ಹಾಗೆ ಹೇಳಿ.”

“ಬೆಳಿಗ್ಗೆಯೇ. ಭಾಷಣದ ಹೊತ್ತಿಗೆಲ್ಲ… ಹೋಗಿರ್ಬೇಕು.”

ಮೋಕ್ಷಿತಾ ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು. ಅಶೋಕ್ ಸಂದೇಶ್‌ನ ತೋಳು ಹಿಡಿದು ಆಚೆ ಎಳೆದ. ಅಂಕಿತ್ ಗೋಡೆಬದಿಯ ಬೇಸಿನ್ನಿಗೆ ಹೋದ. ನಲ್ಲಿ ಬಿಟ್ಟ. ಸೋಪು ಹಾಕಿದ. ಬೆರಳ ಸಂದಿ, ಉಗುರು, ಮಣಿಕಟ್ಟು, ಮೊಣಕೈವರೆಗೆ ತೊಳೆದ. ಮುಗಿಯಿತೆಂದುಕೊಂಡರೆ ಮತ್ತೆ ಸೋಪು ಹಾಕಿದ. ಕಾವೇರಮ್ಮನ ನಾಡಿ ಹಿಡಿದ ಮೇಲೆ ಅವನು ಬೇಸಿನ್ನಿಗೆ ಹೋದದ್ದನ್ನು ಮುತ್ತು ನೋಡಿರಲಿಲ್ಲ. ಆ ನೊರೆಯನ್ನು ನೋಡುತ್ತಾ ಅವಳಿಗೆ ಹೊಟ್ಟೆಯಿಂದ ವಾಕರಿಕೆ ಎದ್ದಿತು. ಆಯುಷ್ಯವಿಡೀ ಇವರ ಹೊಲಸು ಬಾಚಿದಾಗ ಬಾರದ ವಾಕರಿಕೆ.

“ಸಿಸ್ಟರ್, ನನ್ನದೂ ಬಿಚ್ಚಿ,” ಎಂದು ಕಾವೇರಮ್ಮ ಕೈ ಚಾಚಿದರು. “ನನಗೆ ಈ ಪಟ್ಟಿ ಬೇಡ. ಇವತ್ತು ನನ್ನದೂ ಹಸಿರೇ ಇತ್ತಲ್ಲ. ಕೈ ಹಿಡಿದು ನೋಡು, ನಾನು ಸರಿ ಇದ್ದೇನಾ ನೋಡು.”

ಪಕ್ಕದ ಹಾಸಿಗೆಯ ಹೆಣದ ಬಗ್ಗೆ ಅವರು ಒಂದು ಮಾತೂ ಹೇಳಲಿಲ್ಲ. ಮುತ್ತು ಎದ್ದಳು.

ಚಾದರ ಸಮೇತ ಕರ್ಗಿಯನ್ನು ಎತ್ತಿಕೊಂಡಳು. ಖಾಲಿ ಬುಟ್ಟಿಗಳ ಹೊರೆಗಿಂತ ಭಾರ ಇರಲಿಲ್ಲ. ಕೈ ಮಾತ್ರ ಸೆಟೆದು ಆಚೆ ಚಾಚಿಕೊಂಡಿತ್ತು, ಪಟ್ಟಿ ಅದರಲ್ಲೇ ಇತ್ತು. ಅವಳು ಮುಂಬಾಗಿಲ ಕಡೆ ನಡೆದಳು.

“ಹಿಂದಿನಿಂದ, ಹಿಂದಿನಿಂದ,” ಎಂದು ಅಶೋಕ್ ಎದುರು ಓಡಿ ಬಂದ. ಎರಡೂ ತೋಳು ಅಗಲಿಸಿ ಅಡ್ಡ ನಿಂತ. ಮುತ್ತು ನಿಲ್ಲಲಿಲ್ಲ. ಇನ್ನೊಂದು ಹೆಜ್ಜೆ ಇಟ್ಟರೆ ಕರ್ಗಿಯ ಕೈ ಅವನ ಅಂಗಿಗೆ ತಾಗುತ್ತಿತ್ತು. ಅವನು ಜಿಗಿದು ಪಕ್ಕಕ್ಕೆ ಸರಿದ.

ಶಾಮಿಯಾನದ ಕೆಳಗೆ ಜನ ಐಸ್‌ಕ್ರೀಂ ತಿನ್ನುತ್ತಿದ್ದರು. ಮುತ್ತು ಅವರ ನಡುವಿನಿಂದಲೇ ಬಂದಳು. ಮೊದಲು ಯಾರಿಗೂ ಗೊತ್ತಾಗಲಿಲ್ಲ. ಗೊತ್ತಾದ ಕೂಡಲೇ ಕುರ್ಚಿಗಳು ಬಿದ್ದವು. ಹೆಂಗಸರು ಸೆರಗು ಎಳೆದುಕೊಂಡರು. ಗಂಡಸರು ಬಟ್ಟಲು ಹಿಡಿದೇ ಹಿಂದೆ ಸರಿದರು. ಒಬ್ಬರೂ ತಡೆಯಲಿಲ್ಲ. ತಡೆಯಬೇಕಾದರೆ ಮುಟ್ಟಬೇಕಿತ್ತು. ವೇದಿಕೆಯಿಂದ ಗೇಟಿನವರೆಗೆ ಕಾರು ಹೋಗುವಷ್ಟು ಅಗಲದ ದಾರಿ ಬಿಟ್ಟುಕೊಟ್ಟರು. ಮುತ್ತು ಆ ದಾರಿಯ ನಟ್ಟನಡುವೆ ನಡೆದಳು. ಅವಸರ ಮಾಡಲಿಲ್ಲ. ಗೇಟಿನ ಹೊರಗೆ ನವಾಝ್ ರಿಕ್ಷಾದಿಂದ ಇಳಿದು, ಏನೂ ಕೇಳದೆ, ಕರ್ಗಿಯ ಕಾಲುಗಳನ್ನು ಎರಡು ಕೈಯಿಂದ ಹಿಡಿದು ಸೀಟಿನ ಮೇಲೆ ಮಲಗಿಸಲು ಸಹಾಯ ಮಾಡಿದ. ಆಗ ಮುತ್ತು ಅತ್ತಳು.

ಸಂಜೆ ಕಾಲೊನಿಯವರು ಸೇರಿ ಗುಡ್ಡದ ಬದಿಯಲ್ಲಿ ಹೊಂಡ ತೋಡಿದರು. ಮೈ ತೊಳೆಸುವಾಗ ಹೆಂಗಸರು ಪಟ್ಟಿಯನ್ನು ತೆಗೆಯಬೇಕಾ ಎಂದು ಕೇಳಿದರು. ಬೇಡ ಎಂದಳು ಮುತ್ತು. ಹಾಗೆಯೇ ಮಣ್ಣು ಮಾಡಿದರು.

ಮಾರನೆಯ ದಿನ ಅವಳು ಕಾಲೊನಿಯ ಇಬ್ಬರನ್ನು ಕರೆದುಕೊಂಡು ಬೆಳ್ತಂಗಡಿಗೆ ಹೋಗಿ ಠಾಣೆಯಲ್ಲಿ ದೂರು ಕೊಟ್ಟಳು. ನೋಡುವ ಎಂದರು. ಹಾಗೆ ಎಂದರೆ ಏನೆಂದು ಕಾಲೊನಿಯವರಿಗೆಲ್ಲ ಗೊತ್ತು. ಅವಳು ಮತ್ತೆ ಹೋದಳು. ಮತ್ತೆಯೂ ಹೋದಳು. ನಡುವಿನ ದಿನಗಳಲ್ಲಿ ಕರ್ಗಿ ಸೀಳಿಟ್ಟು ಹೋಗಿದ್ದ ಬಳ್ಳಿಗಳನ್ನು ನೆನೆಹಾಕಿ ಬುಟ್ಟಿ ಹೆಣೆಯಲು ಕೂತಳು. ಕೈ ಕೊಯ್ದುಕೊಂಡಳು. ಕಟ್ಟಿಕೊಂಡು ಹೆಣೆದಳು.

ಅಶೋಕ್ ಫೋನು ಮಾಡಿದ್ದು ಮೂರನೆಯ ಸಲ ಠಾಣೆಗೆ ಹೋಗಿ ಬಂದ ಮೇಲೆ. ದನಿಯಲ್ಲಿ ಬೆಣ್ಣೆ ಸವರಿತ್ತು.

“ಮುತ್ತು, ಎಂತ ಇದೆಲ್ಲ ಮಾರಾಯ್ತಿ? ನಾವು ಒಂದೇ ಮನೆಯವರ ಹಾಗೆ ಇದ್ದದ್ದು. ಕೆಲಸಕ್ಕೆ ಬಾ ನೀನು. ಆ ಪಟ್ಟಿ ಒಂದು ತಂದು ಕೊಡು. ಕಂಪನಿಯವರು ಕೇಳ್ತಿದ್ದಾರೆ.”

“ನನ್ನ ಹತ್ತಿರ ಇಲ್ಲ.”

“ಇಲ್ಲ ಅಂದ್ರೆ? ಅದು ಆಸ್ಪತ್ರೆಯ ಸೊತ್ತು. ಕಳ್ಳತನದ ಕೇಸ್ ಆಗ್ತದೆ, ಗೊತ್ತುಂಟಾ?”

“ಹಾಕು.”

ಅವನಿಗೆ ಅವಳು ಏಕವಚನದಲ್ಲಿ ಮಾತಾಡಿದ್ದು ಅದೇ ಮೊದಲು.

“ಪಟ್ಟಿ ಮಾಮಿಯ ಕೈಯಲ್ಲಿ ಉಂಟು,” ಎಂದಳು ಮುತ್ತು. “ಮಣ್ಣಿನ ಕೆಳಗೆ. ಬೇಕಾದ್ರೆ ಪೊಲೀಸರನ್ನೂ ಕರ್ಕೊಂಡು ಬಾ, ಅಗೆಯುವ. ಅವಳು ಎಷ್ಟು ಹೊತ್ತಿಗೆ ಸತ್ತದ್ದು ಅಂತ ಅವರೂ ಕೇಳ್ಲಿ. ಆದ್ರೆ ಬಿಚ್ಚಿ ಕೊಡ್ಲಿಕ್ಕೆ ನಾನು ಬರುದಿಲ್ಲ. ನೀನೇ ಕೈ ಹಾಕಿ ಬಿಚ್ಬೇಕು.”

ಫೋನು ಕಟ್ಟಾಯಿತು. ಅದನ್ನು ನೆಲದ ಮೇಲಿಟ್ಟು ಅವಳು ಮತ್ತೊಂದು ಬಳ್ಳಿ ಎಳೆದುಕೊಂಡಳು.

ಅಗೆಯಲು ಇವತ್ತಿನವರೆಗೆ ಯಾರೂ ಬಂದಿಲ್ಲ.